ಜೂತಾದ ದಾರಿ, ಹಿಂದಿನ ಚಕ್ರ

ಚಾಮರಾಜಪುರಂ

ಇಬ್ಬರೂ ತುಳಿಯುವ ಜೋಡಿ ಸೈಕಲ್ಲಿನಲ್ಲಿ ಮುಂದೆ ಕೂತವರಿಗೆ ದಾರಿ ಕಾಣುತ್ತದೆ, ಹಿಂದೆ ಕೂತವರಿಗೆ ಮುಂದಿನವರ ಬೆನ್ನು. ನಮ್ಮ ಮನೆಯಲ್ಲಿ ಮುಂದೆ ಕೂರುವವಳು ನಾನು. ಮೈಸೂರಿನ ಚಾಮರಾಜಪುರಂನ ನಮ್ಮ ಬೀದಿಯವರಿಗೆ ಮೊದಮೊದಲು ಇದು ದೊಡ್ಡ ತಮಾಷೆ. "ಏನ್ ಸುಮನಾ, ಯಜಮಾನ್ರನ್ನ ಹಿಂದೆ ಕೂರಿಸ್ಕೊಂಡು ಸವಾರಿ ಹೊರಟ್ಯಲ್ಲಾ!" ಎಂದು ಗೇಟಿನಲ್ಲಿ ನಿಂತು ನಗುತ್ತಿದ್ದರು. ಈಗ ನಗುವುದಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ನನ್ನ ಯಜಮಾನರು ರಾಮಪ್ರಸಾದ್. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬರುವ ಕಾಯಿಲೆ ಇವರಿಗೆ. ನಡುವೆ ಕಾಣುತ್ತದೆ, ಸುತ್ತ ಇಲ್ಲ. ಬಳೆಯೊಳಗಿಂದ ಲೋಕ ನೋಡಿದ ಹಾಗೆ ಎಂದು ಒಮ್ಮೆ ನನ್ನ ಬಳೆಯನ್ನೇ ಕೇಳಿ ಪಡೆದು, ನನ್ನ ಕಣ್ಣಿಗೆ ಹಿಡಿದು ತೋರಿಸಿದ್ದರು. ಆಮೇಲೆ ಅದು ಮಗುವಿನ ಬಳೆಯಾಯಿತು. ಈಚೆಗೆ ಉಂಗುರ. ಊಟಕ್ಕೆ ಕೂತರೆ ಅನ್ನ ಕಂಡಾಗ ಪಲ್ಯ ಕಾಣುವುದಿಲ್ಲ. ಕಳೆದ ಬೇಸಿಗೆಯಲ್ಲಿ ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ, "ಏನಾದ್ರೂ ನೋಡ್ಬೇಕು ಅಂತಿದ್ರೆ ಈ ವರ್ಷ ನೋಡ್ಬಿಡಿ ಸಾರ್" ಎಂದರು. ಮನೆಯ ಮುಂದೆ ಆಟೋ ಇಳಿಯುವಾಗ ಇವರು, "ಚೌಖಿ ನೋಡ್ಬೇಕು ಕಣೇ" ಎಂದರು.

ಚೌಖಿ ಎಂದರೆ ಜಾರ್ಜಿಯಾ ದೇಶದ ಒಂದು ಬೆಟ್ಟಸಾಲು. ಅಮೆರಿಕದಲ್ಲಿರುವ ಜಾರ್ಜಿಯಾ ಅಲ್ಲ, ರಷ್ಯಾದ ಕೆಳಗೆ ಕಾಕಸಸ್ ಪರ್ವತಗಳ ಮಡಿಲಲ್ಲಿರುವ ಪುಟ್ಟ ದೇಶ. ಚೌಖಿಯ ಹೆಸರು ನಮ್ಮ ಮನೆಗೆ ಬಂದದ್ದು ಸೈಕಲ್ಲಿನ ಜೊತೆಗೆ. ಗೋಕುಲಂಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಗಂಡಹೆಂಡಿರು ಊರಿಗೆ ಮರಳುವಾಗ ತಮ್ಮ ಜೋಡಿ ಸೈಕಲ್ಲನ್ನು ನಮಗೆ ಮಾರಿದರು. ಅದರಲ್ಲೇ ಅವರು ಜಾರ್ಜಿಯಾದ ಜೂತಾ ಎಂಬ ಹಳ್ಳಿಗೆ ಏರಿದ್ದರಂತೆ. ಹಳ್ಳಿಗೆ ಸ್ವಲ್ಪ ಮೊದಲು ಒಂದು ತಿರುವು ಇದೆ, ಅಲ್ಲಿ ಚೌಖಿ ಇಡಿಯಾಗಿ ಎದುರಿಗೆ ನಿಲ್ಲುತ್ತದೆ, ಬೆಳಗ್ಗೆಯೇ ಹೋಗಿ ಎಂದು ಆ ಹೆಂಗಸು ಕಣ್ಣು ಮುಚ್ಚಿಕೊಂಡು ಹೇಳಿದ್ದಳು. ಇವರಿಗೆ ಆ ತಿರುವು ಅಂಟಿಕೊಂಡುಬಿಟ್ಟಿತು.

"ಕಾರಲ್ಲಿ ಹೋಗಿ ನೋಡ್ಕೊಂಡ್ ಬರೋಣ ರೀ, ಸೈಕಲ್ ಯಾಕೆ ಹೊರೋದು?" ಎಂದೆ.

"ಕಾರಲ್ಲಿ ನಾನು ಮೂಟೆ. ಆಟೋದಲ್ಲೂ ಮೂಟೆ. ನೀನು ಕೈ ಹಿಡ್ಕೊಂಡು ರಸ್ತೆ ದಾಟಿಸಿದ್ರೂ ಮೂಟೆ. ಸೈಕಲ್ಲಲ್ಲಿ ಮಾತ್ರ ಅರ್ಧ ದಾರಿ ನಂದು." ಸ್ವಲ್ಪ ತಡೆದು, "ಅದೂ ಅಲ್ದೆ ಆ ಸೈಕಲ್ಲಿಗೆ ದಾರಿ ಗೊತ್ತು" ಎಂದರು.

ಸೈಕಲ್ಲಿನ ಮೇಲೆ ಇವರದೊಂದು ಕಟ್ಟಪ್ಪಣೆಯೂ ಇದೆ. ನಾನು ಹಳ್ಳ, ಉಬ್ಬು, ಗೇರು, ಬ್ರೇಕು ಹೇಳಬಹುದು. ನೋಟ ಹೇಳುವಂತಿಲ್ಲ. ಒಮ್ಮೆ ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ, "ಅಯ್ಯೋ, ಎಷ್ಟೊಂದು ಕೊಕ್ಕರೆ ನೋಡಿ" ಎಂದು ಬಾಯಿತಪ್ಪಿ ಅಂದದ್ದಕ್ಕೆ ಮನೆ ತಲುಪುವವರೆಗೂ ಮುನಿಸು. "ದಾರಿ ನೀನು ಹೇಳು. ನೋಡೋದು ನಾನ್ ನೋಡ್ಕೋತೀನಿ." ತಲೆಯನ್ನು ಅತ್ತಿತ್ತ ತಿರುಗಿಸುತ್ತಾ, ಉಂಗುರದಲ್ಲಿ ಸಿಕ್ಕಷ್ಟನ್ನು ಚೂರುಚೂರಾಗಿ ಹೆಕ್ಕಿ, ತಲೆಯೊಳಗೆ ಜೋಡಿಸಿಕೊಳ್ಳುತ್ತಾರೆ. ಅದಕ್ಕೆ ನಿಧಾನ ಬೇಕು. ಸೈಕಲ್ಲಿನ ಏರುದಾರಿಯ ನಿಧಾನವೇ ಬೇಕು.

ಕುಂಬಾರಕೊಪ್ಪಲಿನ ಸಿದ್ದರಾಜು ನಮ್ಮ ಸೈಕಲ್ ರಿಪೇರಿಯವನು. ನಡುವಿನ ತಿರುಪು ಬಿಚ್ಚಿದರೆ ಈ ಸೈಕಲ್ಲು ಎರಡು ತುಂಡಾಗುತ್ತದೆ. ಅದನ್ನು ಪೆಟ್ಟಿಗೆಗೆ ಹಾಕಲು ಅವನೇ ಬಂದಿದ್ದ. ಹಿಂದಿನ ಚಕ್ರ ಎತ್ತಿ ಮೂಸಿ ನೋಡಿದ.

"ಏನ್ಸಾರ್ ಇದು, ಕೊಬ್ರಿ ಎಣ್ಣೆ ವಾಸ್ನೆ?"

"ಪಯಣ ಹೊರಟಿದೆಯಲ್ಲ, ಚೆನ್ನಾಗಿ ಕುಡಿಸಿದೀನಿ" ಎಂದರು ಇವರು. ಇವರ ಮನೆಯಲ್ಲಿ ತಲೆಮಾರುಗಳಿಂದ ಎಣ್ಣೆ ಎಂದರೆ ತೆಂಗಿನೆಣ್ಣೆ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ.

"ತಲೆಗ್ ಹಾಕೋದನ್ನ ಚಕ್ರಕ್ಕಾಕಿದ್ರೆ ಎಂಗೆ ಸಾರ್? ಇನ್ನು ಜಡೆ ಎಣೆದು ಮಲ್ಲಿಗೆ ಮುಡಿಸೋದೊಂದು ಬಾಕಿ."

"ಓಡ್ತಿದೆ ತಾನೇ?"

ಸಿದ್ದರಾಜು ಚಕ್ರ ತಿರುಗಿಸಿದ. ಟಿಕ್ ಟಿಕ್ ಟಿಕ್ ಎಂದು ಗಡಿಯಾರದ ಹಾಗೆ ನುಡಿಯಿತು. "ಓಡ್ತದೆ, ಅಂಗೇ ಇರ್ಲಿ ಬುಡಿ" ಎಂದು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ನಾನು ಅವನಿಗೆ ಕಾಫಿ ತರಲು ಒಳಗೆ ಹೋದೆ.

ಟಿಬಿಲಿಸಿ

ರಾಜಧಾನಿಯಲ್ಲಿ ನಾವಿದ್ದದ್ದು ಸ್ವಲ್ಪವೇ ಹೊತ್ತು. ಅಕ್ಟೋಬರಿನ ಆರಂಭ. ಬಿಸಿಲು ನಮ್ಮ ದಸರೆಯ ಬಿಸಿಲಿನ ಹಾಗೇ ಬೆನ್ನಿಗೆ ಹಿತವಾಗಿತ್ತು. ಮನೆಗಳಿಗೆ ಕೆತ್ತನೆಯ ಮರದ ಮೊಗಸಾಲೆಗಳು, ಮೇಲೆ ದ್ರಾಕ್ಷಿ ಬಳ್ಳಿ, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕರಿಯ ಬಟ್ಟೆಯ ಅಜ್ಜಿ. ಅಂಗಡಿಗಳ ಮುಂದೆ ಮೇಣದಬತ್ತಿಯಂಥವು ಸಾಲಾಗಿ ನೇತಾಡುತ್ತಿದ್ದವು. ಚರ್ಚಿಗೆಂದು ಕೊಂಡರೆ ಅದು ತಿಂಡಿ. ದಾರಕ್ಕೆ ಪೋಣಿಸಿದ ಅಕ್ರೋಟನ್ನು ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ್ದು. ನಾನು ಅದನ್ನು ಕೈಯಲ್ಲಿ ಹಿಡಿದು ಗಂಭೀರವಾಗಿ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದಾಗ ಬಾಗಿಲಲ್ಲಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಇಲ್ಲಿಯವರು ಶಿಲುಬೆಯ ಗುರುತು ಮಾಡುವಾಗ ಬಲ ಭುಜ ಮುಟ್ಟಿ ಆಮೇಲೆ ಎಡ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಎಡದಿಂದ ಬಲಕ್ಕೆ ಹೇಳಿಕೊಟ್ಟಿದ್ದರು. ಟ್ಯಾಕ್ಸಿಯವರು ದೂರದಲ್ಲಿ ಒಂದು ಗೋಪುರದ ತುದಿ ಕಂಡರೂ ಸ್ಟಿಯರಿಂಗ್ ಬಿಟ್ಟು ಮೂರು ಸಲ ಮಾಡುತ್ತಾರೆ. ನಾನು ಹಿಂದಿನ ಸೀಟಿನಲ್ಲಿ ಕೂತು ಚಾಮುಂಡಿಯನ್ನು ನೆನೆಯುತ್ತಿದ್ದೆ.

ಮಧ್ಯಾಹ್ನ ಹೊಳೆಯ ಬದಿಯಲ್ಲಿ ಸೈಕಲ್ ಜೋಡಿಸಿ ಒಂದು ಸುತ್ತು ಹೊಡೆದೆವು. ಚೆನ್ನಾಗಿ ಓಡಿತು. ಹಿಂದಿನಿಂದ ಇವರು ಹೇಳಿದ್ದು ಕೇಳಿಸಿತು: "ನೋಡ್ದಾ, ಗುರುತು ಸಿಕ್ತು ಇದಕ್ಕೆ."

ಸ್ತೆಪಾಂತ್ಸ್‌ಮಿಂಡಾ

ಈ ಹೆಸರನ್ನು ಉಚ್ಚರಿಸಲು ನಮಗಿಬ್ಬರಿಗೂ ವ್ಯಾನಿನ ಇಡೀ ಪಯಣವೇ ಬೇಕಾಯಿತು. ರಷ್ಯಾದ ಗಡಿಯ ಹತ್ತಿರದ ಬೆಟ್ಟದೂರು. ವ್ಯಾನಿನಿಂದ ಇಳಿದರೆ ಮೂಗಿನ ತುದಿ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳುವಂಥ ಚಳಿ.

ನಾವು ಉಳಿದದ್ದು ಎತೇರಿ ಎಂಬಾಕೆಯ ಮನೆಯಲ್ಲಿ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಹಿಂದೆ ಇಟಲಿಯಲ್ಲಿ ಯಾರೋ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳಂತೆ. ಇಂಗ್ಲಿಷು ಅಲ್ಲಿ ಇಲ್ಲಿ ಬೀಳುತ್ತಿತ್ತು, ನಮಗೆ ಸಾಕಾಗುತ್ತಿತ್ತು. ನನ್ನನ್ನು "ಗೋಗೋ" ಎಂದು ಕರೆಯುತ್ತಿದ್ದಳು. ಅಂದರೆ ಹುಡುಗಿ. ಐವತ್ತು ದಾಟಿದ ಮೇಲೆ ಯಾರಾದರೂ ಹುಡುಗಿ ಎಂದರೆ ಬೇಡ ಎನ್ನಲು ಮನಸ್ಸು ಬರಲಿಲ್ಲ. ರಾಜ್ಮಾದಂಥ ಕಾಳನ್ನು ಮಣ್ಣಿನ ಕುಡಿಕೆಯಲ್ಲಿ ಬೇಯಿಸಿ ಕೊಟ್ಟಳು. ಒಗ್ಗರಣೆ ಇಲ್ಲದ ಅವರೆಕಾಳಿನ ಹುಳಿ ಎಂದುಕೊಂಡು ತಿಂದೆವು. ಇವರು ಕೋಣೆಯಿಂದ ಊಟದ ಮೇಜಿಗೆ ಬರುವಾಗಲೆಲ್ಲ ಓಡಿಬಂದು ತೋಳು ಹಿಡಿಯುತ್ತಿದ್ದಳು. ಇಟಲಿಯ ಅಭ್ಯಾಸ. ಇವರು ಥ್ಯಾಂಕ್ಯೂ ಎನ್ನುತ್ತಿದ್ದರು, ಆದರೆ ದವಡೆ ಬಿಗಿಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಜೂತಾಗೆ ಬೆಳಗ್ಗೆ ಹೋಗಬೇಕು" ಎಂದಳು ಎತೇರಿ. "ಚೌಖಿ ಮಧ್ಯಾಹ್ನದ ಮೇಲೆ ಯಾರಿಗೂ ಮುಖ ತೋರಿಸುವುದಿಲ್ಲ. ಮೋಡ ಏರಿ ಬರುತ್ತದೆ. ಹಿಮವೂ ಇನ್ನೇನು ಬರುತ್ತದೆ, ಗೋಗೋ. ಹಿಮ ಬಿದ್ದರೆ ಆ ದಾರಿ ವಸಂತಕ್ಕೇ."

ಮಾರನೆಯ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಗಿನ ಕೊಟ್ಟಿಗೆಯಿಂದ ಸೈಕಲ್ ತೆಗೆದು, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಹತ್ತಿದೆವು. ತುಳಿದರೆ ಕಾಲು ಗಾಳಿಯಲ್ಲಿ ತಿರುಗಿತು. ಸರಪಳಿ ಓಡುತ್ತಿದೆ, ಗೇರಿನ ಹಲ್ಲುಚಕ್ರಗಳು ತಿರುಗುತ್ತಿವೆ, ಹಿಂದಿನ ಚಕ್ರ ಮಾತ್ರ ತನಗೇನೂ ಸಂಬಂಧವಿಲ್ಲದಂತೆ ನಿಂತಿದೆ. ಟಿಕ್ ಟಿಕ್ ಎನ್ನುವ ದನಿಯೂ ಇಲ್ಲ. ನಮ್ಮೂರಿನ ಚಳಿಗಾಲದಲ್ಲೂ ಒಂದೆರಡು ಸಲ ಮುಂಜಾನೆ ಹೀಗೆ ಜಾರಿ, ಎರಡು ಸುತ್ತು ತುಳಿದ ಮೇಲೆ ಹಿಡಿದುಕೊಳ್ಳುತ್ತಿತ್ತು. ಇಲ್ಲಿ ತುಳಿದು ತುಳಿದು ನಮಗೇ ಬೆವರು ಬಂತು.

"ಅಲ್ಲಾಡಿಸಿ ನೋಡು", "ಹಿಂದಕ್ಕೆ ತುಳಿ", "ಇನ್ನೊಂದ್ಸಲ" ಎಂದು ಇವರು ಹೇಳುತ್ತಲೇ ಇದ್ದರು. ಆಮೇಲೆ ಇಳಿದು ಚಕ್ರದ ಪಕ್ಕ ಕೂತು ಕೈಯಿಂದ ತಡವತೊಡಗಿದರು. ಹಿಂದೆ ಬಿಳಿಯ ಬೆಟ್ಟಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಇವರು ನೆಲ ನೋಡುತ್ತಿದ್ದರು.

ಜುರಾಬನ ಶೆಡ್ಡು

ಜುರಾಬ್ ಊರಿನ ಕೆಳಗಿನ ತುದಿಯಲ್ಲಿ ಲಾರಿ ರಿಪೇರಿ ಮಾಡುವವನು. ಬೇಸಿಗೆಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಾನೆ. ಕೋಣದಂಥ ಆಳು, ದನಿಯೂ ಹಾಗೆಯೇ. ಎತೇರಿ ದುಭಾಷಿಯಾಗಿ ಜೊತೆಗೆ ಬಂದಳು. ಬಾಗಿಲಿಲ್ಲದ ತಗಡಿನ ಶೆಡ್ಡು, ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು.

ಅವನು ನಮ್ಮ ಚಕ್ರವನ್ನು ಬಿಚ್ಚಿ, ಗೇರನ್ನು ಹಿಂದೆ ಮುಂದೆ ತಿರುಗಿಸಿದ. ಎರಡೂ ಕಡೆ ಸಲೀಸಾಗಿ ಸುತ್ತಿತು. ತಲೆ ಆಡಿಸಿದ.

"ಒಳಗಿನ ಸ್ಪ್ರಿಂಗ್ ಮುರಿದಿದೆ ಅನ್ನುತ್ತಾನೆ" ಎಂದಳು ಎತೇರಿ. "ಇದು ಹಳೇ ಕಂಪನಿಯದು, ಒಳಭಾಗ ಬಿಚ್ಚುವ ಸಲಕರಣೆ ಅವನ ಹತ್ತಿರ ಇಲ್ಲ. ಬೇರೆ ಚಕ್ರವೇ ಹಾಕಬೇಕಂತೆ."

ಚಕ್ರ ಎಂದರೆ ಚಕ್ರ, ಉರುಟಾಗಿದ್ದರೆ ಸಾಕು ಎಂದು ನಾನು ತಿಳಿದಿದ್ದೆ. ಹಿಂದಿನ ಚಕ್ರದ ಸಂಬಂಧ ಕೂಡಿಸುವುದು ಜಾತಕ ಕೂಡಿಸುವುದಕ್ಕಿಂತ ಕಷ್ಟ ಎಂದು ಅಂದು ತಿಳಿಯಿತು. ಜುರಾಬ್ ಜಂತೆಗೆ ನೇತುಹಾಕಿದ್ದ ಚಕ್ರಗಳಲ್ಲಿ ಒಂದನ್ನು ಇಳಿಸಿದ. ನಮ್ಮ ಸೈಕಲ್ಲಿನ ಹಿಂಗಾಲುಗಳ ನಡುವೆ ಅದು ದೊಡ್ಡಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಅಲ್ಲಾಡಿತು. "ಆರಾ" ಎಂದ. ಆರಾ ಎಂದರೆ ಇಲ್ಲ. ಇನ್ನೊಂದು ಸರಿಯಾಗಿ ಕೂತಿತು, ಆದರೆ ಅದರ ಬ್ರೇಕಿನ ಬಗೆಯೇ ಬೇರೆ, ನಮ್ಮ ರಬ್ಬರು ಹಿಡಿಯಲು ಜಾಗವಿಲ್ಲ. ಆರಾ. ಮತ್ತೊಂದು ಎತ್ತರ ಜಾಸ್ತಿ. ಆರಾ. ಗೋಗೋ ಆದ ಮೇಲೆ ಜಾರ್ಜಿಯನ್ ಭಾಷೆಯಲ್ಲಿ ನಾನು ಕಲಿತದ್ದು ಈ ಪದ, ಈಗಲೂ ಮರೆತಿಲ್ಲ.

ಕೊನೆಗೆ ಮೂಲೆಯಿಂದ ತುಕ್ಕಿನ ಬಣ್ಣದ ಒಂದು ಚಕ್ರ ಬಂತು. ಅಗಲ ಹೆಚ್ಚುಕಡಿಮೆ ಒಪ್ಪಿತು, ಎರಡು ವಾಷರ್ ಬಿಲ್ಲೆ ಇಟ್ಟರೆ ಆಯಿತು. ಬ್ರೇಕೂ ಒಪ್ಪಿತು. ನಾನು ಕೈ ಮುಗಿಯುವುದರಲ್ಲಿದ್ದೆ. ಆಗ ಗೇರಿನ ಸರದಿ ಬಂತು. ನಮ್ಮ ಹಲ್ಲುಚಕ್ರಗಳ ಗೊಂಚಲನ್ನು ಹಳೆಯ ಚಕ್ರದಿಂದ ಕಳಚಿ ಹೊಸದರ ಮೇಲೆ ಕೂರಿಸಲು ನೋಡಿದರೆ ಅದು ಕೂರಲೊಲ್ಲದು. ಒಂದು ಕಂಪನಿಯ ಮಿಕ್ಸಿ ಜಾರು ಇನ್ನೊಂದು ಕಂಪನಿಯ ಮಿಕ್ಸಿಯ ಮೇಲೆ ಕೂರುತ್ತದೆಯೇ? ಹಾಗೆ. ಗೊಂಚಲಿನ ಒಳಹಲ್ಲಿಗೂ ಆ ಚಕ್ರದ ನಡುವಿನ ತೋಡಿಗೂ ಅಳತೆ ಬೇರೆ. ಇವರು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಬಹಳ ಹೊತ್ತು ತಡವಿ ನೋಡಿದರು. ಜುರಾಬ್ ಸುತ್ತಿಗೆ ಎತ್ತಿದ. ಇವರಿಗೆ ಅದು ಹೇಗೆ ಕಂಡಿತೋ, "ನೋ, ನೋ!" ಎಂದು ಗೊಂಚಲನ್ನು ಎದೆಗವಚಿಕೊಂಡರು.

ಉಳಿದದ್ದು ಒಂದೇ ದಾರಿ. ಆ ಚಕ್ರಕ್ಕೆ ಮೊದಲೇ ಇದ್ದ ಗೇರುಗಳನ್ನೇ ಇಟ್ಟುಕೊಳ್ಳುವುದು. ನಮ್ಮ ಹಳೆಯ ಗೊಂಚಲಿನಲ್ಲಿ ಏರಿಗೆಂದೇ ಇದ್ದ ದೊಡ್ಡ ಹಲ್ಲುಚಕ್ರ ತಿಂಡಿ ತಟ್ಟೆಯಷ್ಟಿತ್ತು. ಅದರ ಮೇಲೆ ಸರಪಳಿ ಏರಿದರೆ ಎಂಥ ದಿಬ್ಬವೂ ಸೌಮ್ಯವಾಗುತ್ತಿತ್ತು. ಇದರಲ್ಲಿನ ಎಲ್ಲಕ್ಕಿಂತ ದೊಡ್ಡದು ಕಾಫಿ ಲೋಟದ ಕೆಳಗಿಡುವ ಸಾಸರಿನಷ್ಟು.

"ಇದು ಬಟುಮಿಯಿಂದ ಬಂದ ಚಕ್ರವಂತೆ" ಎಂದಳು ಎತೇರಿ. "ಸಮುದ್ರದ ದಂಡೆ. ಚಪ್ಪಟೆ ಊರು."

"ಅಂದ್ರೆ ಇದು ಬೆಟ್ಟಾನೇ ನೋಡಿಲ್ಲ" ಎಂದರು ಇವರು ನನಗೆ ಕನ್ನಡದಲ್ಲಿ.

ಜುರಾಬನಿಗೆ ನಮ್ಮ ಮುಖ ಅರ್ಥವಾಗಿರಬೇಕು. ತನ್ನ ಜೀಪಿನ ಬಾನೆಟ್ಟನ್ನು ಗುದ್ದಿ ಏನೋ ಹೇಳಿದ. ಬೆಳಗ್ಗೆ ತಾನೇ ಕರೆದುಕೊಂಡು ಹೋಗುತ್ತೇನೆ, ಚಹಾ ಆರುವುದರೊಳಗೆ ಜೂತಾ, ಎನ್ನುತ್ತಿದ್ದಾನೆ ಎಂದಳು ಎತೇರಿ. ನಾನು ಇವರ ಮುಖ ನೋಡಿದೆ. ಒಪ್ಪಿಬಿಡಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ.

"ಥ್ಯಾಂಕ್ಯೂ ಹೇಳು" ಎಂದರು. "ನಾವು ತುಳ್ಕೊಂಡೇ ಹೋಗ್ತೀವಿ ಅನ್ನು."

"ಹಟ ಬೇಡ ರೀ. ನೋಡೋದು ಮುಖ್ಯ ಅಲ್ವಾ?"

"ಸುಮನಾ, ಇನ್ಮೇಲೆ ಎಲ್ಲಾ ಕಡೆಗೂ ನನ್ನನ್ನ ಹೊತ್ಕೊಂಡೇ ಹೋಗೋದು. ಇದೊಂದಕ್ಕೆ ಬೇಡ."

ನಿರ್ಮಲವಾಗಿದ್ದ ಆ ಹಗಲು ಶೆಡ್ಡಿನಲ್ಲೇ ಮುಗಿದಿತ್ತು. ಹಳೆಯ ಚಕ್ರಕ್ಕೆ ಗೊಂಚಲನ್ನು ಮತ್ತೆ ಕೂರಿಸಿ ಎತೇರಿಯ ಜಗಲಿಯಲ್ಲಿ ಒರಗಿಸಿದೆವು. ಶೆಡ್ಡು ಬಿಡುವ ಮೊದಲು ಜುರಾಬ್ ಹಸಿರು ಬಣ್ಣದ ಸೋಡಾ ಸುರಿದು ನಮ್ಮ ಕೈಗೆ ಕೊಟ್ಟು, ತಾನು ಬಿಯರ್ ಹಿಡಿದ. ಲೋಟ ತಾಗಿಸಲು ಹೋದರೆ ಕೈ ಹಿಂದಕ್ಕೆಳೆದುಕೊಂಡ. ಬಿಯರಿನಲ್ಲಿ ಶತ್ರುಗಳಿಗೆ ಮಾತ್ರ ಹಾರೈಸುವುದಂತೆ ಇಲ್ಲಿ.

ಸ್ನೋ ಹಳ್ಳಿಯ ಆಚೆ

ಬೆಳಕು ಹರಿಯುತ್ತಲೇ ಹೊರಟೆವು. ಮೊದಲು ಇಳಿಜಾರು, ಆಮೇಲೆ ಎಡಕ್ಕೆ ತಿರುಗಿ ಸ್ನೋ ಎಂಬ ಹಳ್ಳಿಯವರೆಗೆ ದಾರಿ ಸುಮಾರು ಸಮ. ಹೊಸ ಚಕ್ರ ನಡುವಿನ ಗೇರಿನಲ್ಲಿ ಕಡಕ್ ಎಂದು ಹಾರುತ್ತಿತ್ತು, ಮಿಕ್ಕಂತೆ ಓಡಿತು. ಹಳ್ಳಿಯ ಬಯಲಿನಲ್ಲಿ ಆಳೆತ್ತರದ ಕಲ್ಲಿನ ತಲೆಗಳು ನಿಂತಿವೆ. ಬರೀ ತಲೆಗಳು, ಗಡ್ಡ ಮೀಸೆಯ ಗಂಭೀರ ಮುಖಗಳು. ಇವರು ಒಂದರ ಮುಂದೆ ನಿಂತು ಮೂಗಿನಿಂದ ಹಣೆಗೆ, ಹಣೆಯಿಂದ ಕೆನ್ನೆಗೆ ಕತ್ತು ಆಡಿಸುತ್ತಾ ನೋಡಿದರು.

"ದುಃಖದಲ್ಲಿದ್ದಾನೆ" ಎಂದರು ಕೊನೆಗೆ. ನನಗೆ ಕೋಪದಲ್ಲಿರುವ ಹಾಗೆ ಕಂಡಿತ್ತು.

ಹಳ್ಳಿ ದಾಟಿದ ಮೇಲೆ ಏರು ಶುರುವಾಯಿತು. ಚಾಮುಂಡಿ ಬೆಟ್ಟವನ್ನು ಈ ಸೈಕಲ್ಲಿನಲ್ಲೇ ಹತ್ತಿದ್ದೇವೆ. ಹಳೆಯ ಗೇರಿನಲ್ಲಿ ಕಾಲು ಬೇಗಬೇಗ ತಿರುಗುತ್ತದೆ, ಸೈಕಲ್ಲು ನಿಧಾನ ಏರುತ್ತದೆ, ಮಾತಾಡುವಷ್ಟು ಉಸಿರು ಉಳಿಯುತ್ತದೆ. ಇಲ್ಲಿ ಕೊನೆಯ ಗೇರಿಗೆ ಬಂದೆ, ಮುಂದೆ ಇನ್ನೊಂದು ಇದೆಯೆಂದು ಅಭ್ಯಾಸದಂತೆ ಕೈ ತಿರುಗಿಸಿದೆ. ಇರಲಿಲ್ಲ.

"ಗೇರ್ ಇಳಿಸು."

"ಮುಗೀತು ರೀ."

"ಮುಗೀತಾ?"

ಪೆಡಲು ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಮಂಡಿ ಚೀರುತ್ತಿತ್ತು. ಹಿಂದಿನಿಂದ ಇವರ ಉಸಿರು ಗರಗಸದ ಹಾಗೆ ಕೇಳುತ್ತಿತ್ತು. ಒಂದು ಕಡೆ ಸೈಕಲ್ಲು ನಿಂತೇಬಿಟ್ಟಿತು, ಇಬ್ಬರೂ ಪಕ್ಕಕ್ಕೆ ವಾಲಿ ಹುಲ್ಲಿನ ಮೇಲೆ ಬಿದ್ದೆವು. ನಗಬಹುದಾಗಿತ್ತು. ಇವರ ಕೈ ನೆಲದ ಮೇಲೆ ನನ್ನನ್ನು ಹುಡುಕುತ್ತಿದ್ದುದನ್ನು ನೋಡಿ ನಗು ಬರಲಿಲ್ಲ.

ಆಮೇಲೆ ತಳ್ಳಿದೆವು. ನಾನು ಹ್ಯಾಂಡಲ್ ಹಿಡಿದು, ಇವರು ಹಿಂದಿನ ಸೀಟು ಹಿಡಿದು. ಸೈಕಲ್ಲಿನ ಮೇಲೆ ಎಡವದ ಮನುಷ್ಯ ನಡೆಯುವಾಗ ಪ್ರತಿ ಕಲ್ಲಿಗೂ ಎಡವುತ್ತಿದ್ದರು. ಸಮ ಸಿಕ್ಕಲ್ಲಿ ಹತ್ತುವುದು, ಏರು ಬಂದರೆ ಇಳಿಯುವುದು. ಒಬ್ಬ ಕುರುಬ ಕುರಿಮಂದೆಯ ಜೊತೆ ಎದುರಾಗಿ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ನಮ್ಮೊಂದಿಗೆ ತಳ್ಳಿ, ಏನೂ ಹೇಳದೆ ತನ್ನ ದಾರಿ ಹಿಡಿದ. ಬಿಸಿಲು ನೆತ್ತಿಗೆ ಬಂತು. ಕಣಿವೆಯ ಕೆಳಗಿನಿಂದ ಬಿಳಿಯ ಮೋಡದ ತುಂಡೊಂದು ನಮ್ಮ ಹಿಂದೆಯೇ ಏರಿ ಬರುತ್ತಿರುವುದನ್ನು ಕಂಡೆ. ನೋಟ ಹೇಳುವಂತಿಲ್ಲವಲ್ಲ. "ಸ್ವಲ್ಪ ಬೇಗ ರೀ" ಎಂದೆ, ಅಷ್ಟೆ.

"ಮೋಡವಾ?"

ನಾನು ಹ್ಯಾಂಡಲನ್ನು ಇನ್ನಷ್ಟು ಮುಂದಕ್ಕೆಳೆದೆ. ಇವರು ಸೀಟನ್ನು ಇನ್ನೂ ಜೋರಾಗಿ ತಳ್ಳಿದರು.

ತಿರುವು

ತಿರುವು ಇದ್ದಕ್ಕಿದ್ದ ಹಾಗೆ ಬಂತು. ಬಂಡೆಯೊಂದನ್ನು ಬಳಸಿದೆವು, ಎದುರಿಗೆ ಚೌಖಿ. ಹುಲ್ಲಿನ ಇಳಿಜಾರಿನ ತುದಿಯಲ್ಲಿ ಕಲ್ಲಿನ ಹಲ್ಲುಗಳು ಸಾಲಾಗಿ ಆಕಾಶ ಕಚ್ಚಿಕೊಂಡು ನಿಂತಿದ್ದವು, ಸಂದುಗಳಲ್ಲಿ ಹಿಮ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಇಲ್ಲಿ ನಿಲ್ಲೋಣ ರೀ."

ಇವರಿಗೆ ತಿಳಿಯಿತು. ಸೀಟು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಮುಖ ಎತ್ತಿ ಹುಡುಕತೊಡಗಿದರು. ಉಂಗುರದಷ್ಟು ಕಣ್ಣಿನಲ್ಲಿ ಅಷ್ಟು ದೊಡ್ಡ ಆಕಾಶ. ಮೊದಲು ಸಿಕ್ಕಿದ್ದು ಪಕ್ಕದ ಬಂಡೆ. ಆಮೇಲೆ ಹುಲ್ಲು. ಆಮೇಲೆ ನನ್ನ ಕೆಂಪು ಸ್ವೆಟರಿನ ತೋಳು.

"ಎಲ್ಲಿ?"

"ಮೇಲೆ. ಬಲಕ್ಕೆ."

"ಇಲ್ಲೇನಾ?"

"ಇನ್ನೂ ಮೇಲೆ."

ತಾಳಲಾರದೆ ಇವರ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಹಾಗೆ ತಿರುಗಿಸುತ್ತಿದ್ದಾಗಲೇ ಮೋಡ ನಮ್ಮ ತಲೆಯ ಮೇಲಿಂದ ದಾಟಿ ಹೋಯಿತು. ಮೊದಲ ಹಲ್ಲು ಹೋಯಿತು, ಪಕ್ಕದ್ದು ಹೋಯಿತು. ಅವಸರವಿಲ್ಲದೆ ಯಾರೋ ಬಟ್ಟೆ ಹೊದಿಸಿದ ಹಾಗೆ.

"ಹಾಂ!" ಎಂದರು ಇವರು. "ಬಿಳೀದು ಕಾಣ್ತಿದೆ. ಅದೇನಾ?"

ನಾನು, "ಹೂಂ" ಎಂದೆ.

ಇವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನನ್ನ ಕೈಗಳು ಇನ್ನೂ ಅವರ ಗಲ್ಲದ ಮೇಲಿದ್ದವು. ಗಲ್ಲದ ಬಿಗಿ ಮೆಲ್ಲನೆ ಸಡಿಲವಾದದ್ದು ಕೈಗೆ ತಿಳಿಯಿತು.

"ಅಲುಗ್ತಾ ಇದೆ ಕಣೇ" ಎಂದರು. "ಬೆಟ್ಟ ಅಲುಗಲ್ಲ."

ಬಹಳ ಹೊತ್ತು ಕಾದೆವು. ಹನಿ ಬೀಳತೊಡಗಿತು. ಇಳಿಯುವಾಗ ಬಟುಮಿಯ ಚಕ್ರ ಹಾಯಾಗಿ ಓಡಿತು. ಇಳಿಯಲು ಯಾವ ಗೇರೂ ಬೇಕಿಲ್ಲ.

ಒಲೆಯ ಹಿಂದೆ

ನಾವು ಮರಳುವ ಹೊತ್ತಿಗೆ ಹನಿ ಹಿಮವಾಗಿತ್ತು. ನನ್ನ ಜೀವನದಲ್ಲಿ ಮೊದಲ ಸಲ ಹಿಮ ಬೀಳುವುದನ್ನು ಕಂಡದ್ದು, ಕಾಣಬಾರದಿತ್ತು ಅನ್ನಿಸಿದ್ದೂ ಆಗಲೇ. ಎತೇರಿ ಜಗಲಿಯಲ್ಲಿದ್ದುದನ್ನೆಲ್ಲ ಒಳಕ್ಕೆ ಸಾಗಿಸುತ್ತಿದ್ದಳು. ಸೌದೆ, ಬೂಟು, ಒಣಗಲು ಹಾಕಿದ ಮೆಣಸಿನಕಾಯಿ ಸರ, ನಮ್ಮ ಹಳೆಯ ಚಕ್ರ. ಚಕ್ರವನ್ನು ಕಬ್ಬಿಣದ ಒಲೆಯ ಹಿಂದೆ ಬೂಟುಗಳ ಜೊತೆ ಒರಗಿಸಿದಳು. ಅವಳು ಇವರ ಮುಖ ನೋಡಿ, ಕಂಡಿತಾ ಎಂದು ಕೇಳಲಿಲ್ಲ. ತೋಳನ್ನೂ ಹಿಡಿಯಲಿಲ್ಲ. ಹಿಮ ಹೀಗೇ ಬಿದ್ದರೆ ಕಣಿವೆಯ ದಾರಿ ಮುಚ್ಚುತ್ತದೆ, ಬೆಳಗ್ಗೆ ಮೊದಲ ವ್ಯಾನಿಗೇ ಟಿಬಿಲಿಸಿಗೆ ಇಳಿಯಿರಿ ಎಂದಷ್ಟೇ ಹೇಳಿದಳು.

ಸೂಪು ಕುಡಿಯುತ್ತಾ ಕೂತಿದ್ದೆವು. ಎತೇರಿ ಮೂಗು ಅರಳಿಸಿದಳು.

"ಏನು ವಾಸನೆ? ಕೇಕಾ?"

ನನಗೂ ಆಗಲೇ ಬಂದಿತ್ತು. ಅದು ಭಾನುವಾರದ ವಾಸನೆ. ಎಣ್ಣೆ ಹಚ್ಚಿಕೊಂಡು ಹಂಡೆಯ ನೀರು ಕಾಯಲು ಕಾದು ಕೂತಿರುವ ಬಚ್ಚಲಮನೆಯ ವಾಸನೆ. ಒಲೆಯ ಹಿಂದೆ ಬಗ್ಗಿ ನೋಡಿದೆ. ಚಕ್ರದ ನಡುವಿನ ಗುಂಬದಿಂದ ತಿಳಿಯಾದ ಎಣ್ಣೆ ಹನಿಹನಿಯಾಗಿ ನೆಲಕ್ಕೆ ಇಳಿಯುತ್ತಿತ್ತು.

ಧನುರ್ಮಾಸದಲ್ಲಿ ನಮ್ಮ ಮನೆಯ ತೆಂಗಿನೆಣ್ಣೆ ಬಾಟಲಿ ಬಿಳಿಯ ಮೇಣವಾಗಿ ನಿಲ್ಲುತ್ತದೆ. ಪ್ರತಿ ಬೆಳಗ್ಗೆ ಅದನ್ನು ಹಿತ್ತಿಲ ಕಟ್ಟೆಯ ಬಿಸಿಲಿಗೆ ಇಡುವವಳು ನಾನೇ. ಮೈಸೂರಿನ ಚಳಿಗೇ ಹಾಗಾಗುವುದು ಈ ಊರಿನಲ್ಲಿ ಏನಾಗಿರಬೇಡ. ಸ್ಪ್ರಿಂಗು ಮುರಿದಿರಲಿಲ್ಲ. ಎಣ್ಣೆ ಹೆಪ್ಪುಗಟ್ಟಿ ಒಳಗಿನ ಕೀಲುಗಳನ್ನು ಅದುಮಿ ಹಿಡಿದಿತ್ತು. ಒಂದು ಚೊಂಬು ಬಿಸಿನೀರು ಸಾಕಾಗುತ್ತಿತ್ತು.

ಪಕ್ಕದಲ್ಲಿದ್ದ ಟವೆಲ್ಲಿನಿಂದ ನೆಲ ಒರೆಸಿದೆ, ಚಕ್ರವನ್ನು ಬಾಗಿಲಾಚೆ ಇಡೋಣವೆಂದು ಸದ್ದಿಲ್ಲದೆ ಎತ್ತಿದೆ. ಇವರಿಗೆ ತಿಳಿಯದಿದ್ದರೆ ಸಾಕೆಂದು. ಎತ್ತುವಾಗ ಗೇರು ನನ್ನ ಸೊಂಟಕ್ಕೆ ತಾಗಿ ತಿರುಗಿತು.

ಟಿಕ್ ಟಿಕ್ ಟಿಕ್.

ಇವರು ಚಮಚ ಕೆಳಗಿಟ್ಟರು.

"ಇಲ್ಲಿ ಕೊಡು."

"ಏನಿಲ್ಲ ರೀ, ಜಾಗ ಮಾಡ್ತಿದ್ದೆ..."

"ಕೊಡು ಸುಮನಾ."

ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಗುಂಬವನ್ನು ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದರು. ಮತ್ತೆ ಗೇರು ತಿರುಗಿಸಿದರು. ಗಡಿಯಾರದ ಹಾಗೆ ನುಡಿಯಿತು. ಮುಂದಕ್ಕೆ ತಿರುಗಿಸಿದರೆ ಗಪ್ಪನೆ ಹಿಡಿಯಿತು, ಹಿಂದಕ್ಕೆ ಟಿಕ್ ಟಿಕ್. ಎತೇರಿ ಅವರನ್ನೂ ನನ್ನನ್ನೂ ನೋಡುತ್ತಿದ್ದಳು.

"ರಿಪೇರಿಯಾಯಿತಾ?" ಎಂದಳು ಸಂತೋಷದಿಂದ.

"ಕೆಟ್ಟೇ ಇರ್ಲಿಲ್ಲ" ಎಂದರು ಇವರು. "ನಾನೇ ಕುಡಿಸಿದ್ದು."

ಆಮೇಲೆ ಎಣ್ಣೆಯಾದ ಕೈಯನ್ನು ಎಲ್ಲಿ ಒರೆಸುವುದೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮಕ್ಕಳ ಹಾಗೆ ತಲೆಗೆ ಸವರಿಕೊಂಡರು.

ಇಲವಾಲದ ರಸ್ತೆ

ಬಟುಮಿಯ ಚಕ್ರ ಎತೇರಿಯ ಕೊಟ್ಟಿಗೆಯಲ್ಲೇ ಉಳಿಯಿತು. ಹಳೆಯದನ್ನು ಊರಿಗೆ ಬಂದ ಮೇಲೆ ಸಿದ್ದರಾಜು ತೊಳೆದು, ಮಿಷನ್ ಎಣ್ಣೆ ಬಿಟ್ಟು ಕೂರಿಸಿದ. ಇವರು ತಾವಾಗಿಯೇ ಅವನಿಗೆ ಎಲ್ಲ ಹೇಳಿದರು. ಜಡೆಯ ಮಾತನ್ನು ಮತ್ತೆ ಎತ್ತುತ್ತಾನೆಂದು ನಾನು ಅಂಜಿದ್ದೆ. ಅವನು ಚಕ್ರವನ್ನೇ ನೋಡುತ್ತಾ, "ನಾನೇ ಅವತ್ತು ತೊಳ್ದುಬುಡ್ಬೇಕಾಗಿತ್ತು ಸಾರ್" ಎಂದ.

"ವಸಂತದಲ್ಲಿ ಮತ್ತೆ ಹೋಗೋಣ ರೀ, ದಾರಿ ತೆಗೆದಿರುತ್ತೆ" ಎಂದು ಒಂದೆರಡು ಸಲ ಹೇಳಿದೆ. "ನೋಡೋಣ" ಎಂದರು. ಊಟದ ತಟ್ಟೆಯಲ್ಲಿ ಈಗ ನಾನು ಅನ್ನದ ಪಕ್ಕಕ್ಕೆ ಬೆರಳು ತಾಗಿಸಿ ಪಲ್ಯ ಇಲ್ಲಿದೆ ಎಂದು ತೋರಿಸುತ್ತೇನೆ. ಬೇಡ ಎನ್ನುವುದಿಲ್ಲ.

ಮೊನ್ನೆ ಭಾನುವಾರ ಹುಣಸೂರು ರಸ್ತೆಯಲ್ಲಿ ಇಲವಾಲದ ಕಡೆಗೆ ಹೊರಟೆವು. ಬೆಳಗಿನ ಬಿಸಿಲು ಬೆನ್ನಿಗಿತ್ತು. ರಸ್ತೆಯ ಬದಿಯಲ್ಲಿ ಎಳನೀರಿನ ರಾಶಿ, ಬಸ್ಸಿಗೆ ಕಾದ ಹೆಂಗಸರು, ಅವರ ಮಡಿಲಲ್ಲಿ ಸೊಪ್ಪಿನ ಗಂಟು. ನಾನು ಅಭ್ಯಾಸದಂತೆ "ಹಳ್ಳ" ಎಂದೆ, "ಉಬ್ಬು" ಎಂದೆ, ಏರು ಬಂದಾಗ "ಗೇರು" ಎಂದೆ. ಸರಪಳಿ ತಿಂಡಿ ತಟ್ಟೆಯ ಮೇಲೆ ಏರಿತು. ಹಿಂದಿನಿಂದ ಅರ್ಧ ಬಲ ಎಂದಿನಂತೆ ಬರುತ್ತಿತ್ತು. ಆದರೆ ಮೊದಲೆಲ್ಲ ನೋಡಲೆಂದು ಇವರ ಕತ್ತು ಅತ್ತಿತ್ತ ತಿರುಗಿದಾಗ ಸೈಕಲ್ಲು ಸಣ್ಣಗೆ ಓಲಾಡುತ್ತಿತ್ತಲ್ಲ, ಆ ಓಲಾಟ ಇರಲಿಲ್ಲ. ಎಂದಿನಿಂದ ಇಲ್ಲ ಎಂದು ನೆನಪಿಸಿಕೊಳ್ಳುತ್ತಾ ತುಳಿಯುತ್ತಿದ್ದೆ.

ಏರು ಮುಗಿದು ಕಾಲು ನಿಲ್ಲಿಸಿದೆವು. ಚಕ್ರ ಟಿಕ್ ಟಿಕ್ ಎನ್ನುತ್ತಾ ತಾನಾಗಿ ಓಡಿತು.

"ಸುಮನಾ" ಎಂದರು.

"ಏನ್ರೀ?"

"ಹೇಳು. ಏನೇನ್ ಕಾಣ್ತಿದೆ?"

ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದವಳು ಎಲ್ಲಕ್ಕಿಂತ ಹತ್ತಿರ ಇದ್ದುದರಿಂದ ಶುರು ಮಾಡಿದೆ.

"ಒಂದು ಹೊಂಗೆ ಮರ" ಎಂದೆ. "ಕೆಳಗೆ ಒಂದು ನಾಯಿ ಮಲಗಿದೆ."

"ಯಾವ ಬಣ್ಣ?" ಎಂದರು.